ನಳಿನಿ ವಾಪಸ್ ಬಂದ ಬಸ್ಸು

ಸಿರುಗುಪ್ಪದ ಮರಿಬಸಪ್ಪ ಅರವತ್ತು ದಾಟುವವರೆಗೆ ಒಂದು ಪುಸ್ತಕವನ್ನೂ ಪೂರ್ತಿ ಓದಿದವನಲ್ಲ. ಓದು ಬರುತ್ತಿರಲಿಲ್ಲ ಅಂತಲ್ಲ. ಗೊಬ್ಬರದ ಅಂಗಡಿ ಇಟ್ಟುಕೊಂಡು, ಕ್ರಿಮಿನಾಶಕದ ಡಬ್ಬಿಯ ಮೇಲಿನ ಇರುವೆಯಂಥ ಅಕ್ಷರಗಳನ್ನು ಓದಿ, ಪಕ್ಕದ ಕರೂರಿನ ರೈತರಿಗೆ 'ಮೂಗಿಗೆ ಬಟ್ಟಿ ಕಟ್ಕೊಂಡು ಹೊಡೀರಪ್ಪಾ' ಅಂತ ತಿಳಿಸಿ ಹೇಳಿದ ಮನುಷ್ಯ. ಪೇಪರಿನಲ್ಲಿ ಭತ್ತದ ರೇಟು ಓದುತ್ತಿದ್ದ, ಡ್ಯಾಮಿನ ನೀರಿನ ಮಟ್ಟ ಓದುತ್ತಿದ್ದ. ಅದಕ್ಕಿಂತ ಹೆಚ್ಚು ಓದುವವರು ಕೆಲಸವಿಲ್ಲದವರು ಎಂಬುದು ಅವನ ಖಚಿತ ಅಭಿಪ್ರಾಯ. ಆ ಕೆಲಸವಿಲ್ಲದವರಲ್ಲಿ ಮೊದಲ ಹೆಸರು ಅವನ ಹೆಂಡತಿ ಕೊಟ್ರಬಸಮ್ಮನದು. ಮೂರು ಹೊತ್ತು ಅಡುಗೆ, ಹಿತ್ತಲಿನ ಎಮ್ಮೆ, ಅತ್ತೆಯ ಸೇವೆ, ಮಗಳ ಬಾಣಂತನ ಎಲ್ಲ ಮಾಡಿಯೂ ಆಕೆ ಕೆಲಸವಿಲ್ಲದವಳು ಹೇಗಾದಳು ಅಂತ ಕೇಳಿದರೆ ಅವನ ಹತ್ತಿರ ಉತ್ತರವಿರಲಿಲ್ಲ. ಯಾರೂ ಕೇಳಲೂ ಇಲ್ಲ ಬಿಡಿ.

ಇಂಥ ಮನುಷ್ಯ ತನ್ನ ಹುಟ್ಟೂರು ಕುರುಗೋಡಿನಲ್ಲಿ ಪಂಡಿತ ಅನ್ನಿಸಿಕೊಂಡಿದ್ದ ಅಂದರೆ ನಗಬೇಡಿ. ಶ್ರಾವಣ ಬಂತೆಂದರೆ ಅವರ ಓಣಿಯ ಗುಡಿಯಲ್ಲಿ, ಆ ಸೀಮೆಯವರು ತಾತ ಅಂತ ಕರೆಯುವ ಶರಣರ ಪುರಾಣ ಹಚ್ಚುತ್ತಾರೆ. ಪುರಾಣಕ್ಕೆ ಇಬ್ಬರು ಬೇಕು. ಒಬ್ಬ ಪದ್ಯವನ್ನು ರಾಗವಾಗಿ ಓದಬೇಕು, ಇನ್ನೊಬ್ಬ ಅದರ ಅರ್ಥ ಹೇಳಬೇಕು. ಓದುವವನು ಮರಿಬಸಪ್ಪನ ಬಾಲ್ಯದ ಗೆಳೆಯ ಗಾದಿಲಿಂಗಪ್ಪ. ಅರ್ಥ ಹೇಳುವವನು ಮರಿಬಸಪ್ಪ. ಅರ್ಥ ಹೇಳುವವನ ಮುಂದೆ ಪುಸ್ತಕ ಇರುವುದಿಲ್ಲ ನೋಡಿ, ಅದೇ ಆ ಕೆಲಸದ ಸೊಗಸು. ತಾತ ಹೊಳೆ ದಾಟಿದ ಪದ್ಯ ಬಂದರೆ ಮರಿಬಸಪ್ಪ ತಾತನನ್ನು ಎರಡೇ ಮಾತಿನಲ್ಲಿ ದಡ ಮುಟ್ಟಿಸಿ, ಹೊಳೆಯಿಂದ ಕಾಲುವೆಗೆ, ಕಾಲುವೆಯಿಂದ ಭತ್ತಕ್ಕೆ, ಭತ್ತದಿಂದ ಮನೆಗೆ ಬಂದ ಸೊಸೆ ಹೇಗಿರಬೇಕು ಅನ್ನುವಲ್ಲಿಗೆ ಬಂದು ನಿಲ್ಲುತ್ತಿದ್ದ. ಜನ ತಲೆದೂಗುತ್ತಿದ್ದರು. ಗಾದಿಲಿಂಗಪ್ಪ ಮಾತ್ರ ಒಮ್ಮೆ, "ಲೇ ಮರಿಬಸಾ, ಆ ಪದ್ಯದಾಗ ಸೊಸಿ ಎಲ್ಲಿದ್ಲಲೇ?" ಅಂದಿದ್ದ. "ಪದ್ಯದಾಗ ಇದ್ದಿಲ್ಲ, ಅರ್ಥದಾಗ ಇದ್ಲು" ಅಂತ ಇವನು ಬಾಯಿ ಮುಚ್ಚಿಸಿದ್ದ.

ಕೊಟ್ರಬಸಮ್ಮ ಸಿರಿಗೇರಿಯ ಹೆಣ್ಣುಮಗಳು. ಏಳನೇತ್ತೆ ಮುಗಿಸಿದ ಮೇಲೆ ಸಾಲಿ ಬಿಡಿಸಿದರು, ಓದು ಬಿಡಿಸಲು ಯಾರಿಂದಲೂ ಆಗಲಿಲ್ಲ. ಎಡಗೈಯಲ್ಲಿ ಕಾದಂಬರಿ, ಬಲಗೈಯಲ್ಲಿ ಸೌಟು. ಹಾಲು ಉಕ್ಕಿ ಒಲೆ ಆರಿದರೂ ಆಕೆಗೆ ಪುಟದ ಕೊನೆಯ ಸಾಲು ಮುಗಿಯಬೇಕು. "ಸುಳ್ಳು ಕತಿ ಓದಿ ಖರೇ ಹಾಲು ಚೆಲ್ತೀಯಲ್ಲ" ಅಂತ ಮರಿಬಸಪ್ಪ ಜೀವಮಾನವಿಡೀ ಬೈದ. ಆಕೆ ಜೀವಮಾನವಿಡೀ "ಹ್ಞೂಂ" ಅಂದು ಪುಟ ತಿರುಗಿಸಿದಳು. ಅವರಿಬ್ಬರ ನಡುವೆ ನಡೆದ ಅತಿ ಉದ್ದದ ಸಂಭಾಷಣೆ ಅದೇ ಇರಬೇಕು.

ಆಮೇಲೆ ಆಕೆಯ ಎರಡೂ ಕಣ್ಣಿಗೆ ಪೊರೆ ಬಂತು. ಬಳ್ಳಾರಿಯ ಕಣ್ಣಿನ ಡಾಕ್ಟ್ರಮ್ಮ, "ಶುಗರ್ ಇಳೀಲಿ, ಆಮ್ಯಾಲೆ ಆಪರೇಷನ್" ಅಂದರು. ಶುಗರ್ ಇಳಿಯುವುದಿಲ್ಲ ಅಂತ ಹಟ ಹಿಡಿಯಿತು. ಕೊಟ್ರಬಸಮ್ಮ ಕೆಲವು ದಿನ ಪುಸ್ತಕವನ್ನು ಕಿಟಕಿಗೆ ಹಿಡಿದಳು, ಮೂಗಿಗೆ ಹಿಡಿದಳು, ಕೊನೆಗೆ ಮಡಚಿ ಗೂಡಿನಲ್ಲಿಟ್ಟಳು. ಹಾಲು ಉಕ್ಕುವುದು ನಿಂತಿತು. ಅಷ್ಟೊತ್ತಿಗೆ ಅಂಗಡಿ ಬಾಡಿಗೆಗೆ ಕೊಟ್ಟು ಮನೆ ಹಿಡಿದಿದ್ದ ಮರಿಬಸಪ್ಪನಿಗೆ ಆ ಸುಮ್ಮನಿರುವ ಮನೆ ಸರಿಬರಲಿಲ್ಲ. ಒಂದು ಸಂಜೆ ಆಕೆಯೇ ಅಂದಳು, "ರೀ, ನಿಮಗ ಕಣ್ಣು ಚೊಲೋ ಅದಾವಲ್ಲ. ಓದ್ರಿ."

"ನಾನಾ?"

"ಇನ್ಯಾರು, ಎಮ್ಮಿ ಓದತೈತಾ?"

ಯಾವ ಪುಸ್ತಕ ಬೇಕೆಂದು ಆಕೆಯೇ ಹೆಸರು ಹೇಳಿದಳು. ಇವನು ಲೈಬ್ರರಿಗೆ ಹೋದ. ಲೈಬ್ರರಿಯ ಬಡೇಸಾಬ ಮರಿಬಸಪ್ಪನನ್ನು ಬಾಗಿಲಲ್ಲಿ ಕಂಡು, ಗೊಬ್ಬರದ ಬಾಕಿ ವಸೂಲಿಗೆ ಬಂದಿದ್ದಾನೆ ಅಂದುಕೊಂಡು ಎದ್ದು ನಿಂತ. ಪುಸ್ತಕದ ಹೆಸರು ಕೇಳಿ, "ಅಮ್ಮಾರಿಗೆ ಹಳೇವ ಬೇಕು ನೋಡ್ರಿ" ಅಂದು ಧೂಳು ಕೊಡವಿ ಕೊಟ್ಟ.

ಮೊದಲ ಸಂಜೆಯ ಓದು ಕೇಳಬೇಕಿತ್ತು ನೀವು! 'ನಳಿನಿಯ ಕಣ್ಣುಗಳು ತುಂಬಿ ಬಂದವು' ಅನ್ನುವ ಸಾಲನ್ನು ಮರಿಬಸಪ್ಪ ಬಸ್‌ಸ್ಟ್ಯಾಂಡಿನಲ್ಲಿ ರಾಯಚೂರು ಬಸ್ಸು ಹೊರಟಿದೆ ಅಂತ ಕೂಗುವವನಂತೆ ಓದಿದ. ಪಕ್ಕದ ಮನೆಯ ಲಾಲಬೀ ಅಕ್ಕಿ ಮೊರ ಹಿಡಿದುಕೊಂಡೇ ಓಡಿ ಬಂದಳು. "ಏನಾತಕ್ಕಾ, ಅಣ್ಣ ಯಾರಿಗೆ ಬೈಯಾಕತ್ಯಾರ?" ಬೈಗುಳವಲ್ಲ, ಕಾದಂಬರಿ ಅಂತ ಗೊತ್ತಾದ ಮೇಲೆ ಅಲ್ಲೇ ಗೋಡೆಗೆ ಒರಗಿ ಕೂತಳು. ಅವತ್ತಿನಿಂದ ಲಾಲಬೀಗೆ ದಿನಾ ಸಂಜೆ ಅಕ್ಕಿಯಲ್ಲಿ ಕಲ್ಲು ಸಿಗತೊಡಗಿದವು.

ಕತೆ ಇಷ್ಟು: ನಳಿನಿಯ ಗಂಡ ಮೈಸೂರಿನಲ್ಲಿ ಲೆಕ್ಚರರ್. ಕೆಟ್ಟವನೇನಲ್ಲ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ಆದರೆ ಮದುವೆಯಾದಾಗಿನಿಂದ ಹೆಂಡತಿಯನ್ನು ಒಂದು ಮಾತೂ ಕೇಳಿದವನಲ್ಲ. ಊಟ ಮಾಡಿದೆಯಾ ಅಂತಲೂ ಕೇಳಿಲ್ಲ. ಒಂದು ಬೆಳಿಗ್ಗೆ ಆಕೆ ಟ್ರಂಕು ತುಂಬಿಕೊಂಡು ರೈಲು ಹತ್ತುತ್ತಾಳೆ. ಇನ್ನೊಂದು ಊರಲ್ಲಿ ಟೀಚರ್ ಆಗುತ್ತಾಳೆ. ವಾಪಸ್ ಬರುವುದಿಲ್ಲ.

ಆ ಪುಟಕ್ಕೆ ಬಂದಾಗ ಮರಿಬಸಪ್ಪನ ನಾಲಿಗೆ ನಿಂತಿತು. ಇದೇನು ಪುಸ್ತಕವಪ್ಪಾ! ಸ್ವಂತ ಮನೆಯಲ್ಲಿ, ಸ್ವಂತ ಹೆಂಡತಿಗೆ, ಪಕ್ಕದ ಮನೆಯವಳನ್ನು ಸಾಕ್ಷಿ ಕೂರಿಸಿಕೊಂಡು, ಸ್ವಂತ ಬಾಯಿಂದ ಇದನ್ನು ಓದುವುದೇ? ಆಗ ಅವನೊಳಗಿನ ಕುರುಗೋಡಿನ ಪಂಡಿತ ಶಲ್ಯ ಕೊಡವಿ ಎದ್ದ. ಕಣ್ಣು ಪುಸ್ತಕದ ಮೇಲೇ ಇತ್ತು, ಬಾಯಿ ಬೇರೆ ದಾರಿ ಹಿಡಿಯಿತು. ರೈಲಿನ ಅನುಭವ ಅವನಿಗೆ ಕಡಿಮೆ, ಅದಕ್ಕೆ ರೈಲು ಬಸ್ಸಾಯಿತು. ಬಸ್ಸಿನ ಡ್ರೈವರ್ ಒಬ್ಬ ಹಿರಿಯ, ತಿಳಿದವನು. 'ತಂಗಿ, ಗಂಡನ ಮನಿ ಬಿಟ್ಟು ಎಲ್ಲಿಗೆ ಹೋಗ್ತಿ' ಅಂತ ಬುದ್ಧಿ ಹೇಳಿದ. ನಳಿನಿ ಅದೇ ಬಸ್ಸಿಗೆ ವಾಪಸ್ ಬಂದು ಗಂಡನ ಕಾಲಿಗೆ ಬಿದ್ದಳು. ಗಂಡ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ.

ಲಾಲಬೀ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕೊಟ್ರಬಸಮ್ಮ ಕೇಳಿದಳು, "ವಾಪಸ್ ಬಂದ್ಲಾ?"

"ಬಂದ್ಲು."

"ಬಸ್ಸಿಗಾ?"

"ಬಸ್ಸಿಗೆ."

"ಚೊಲೋ ಆತು ಬಿಡ್ರಿ" ಅಂದು ರೊಟ್ಟಿ ಬಡಿಯಲು ಎದ್ದುಹೋದಳು. ಅವತ್ತು ರೊಟ್ಟಿಯ ಮೇಲೆ ಬಿದ್ದ ಏಟು ಸ್ವಲ್ಪ ಜೋರಾಗಿಯೇ ಇತ್ತು. ಮರಿಬಸಪ್ಪ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಕಾದಂಬರಿ ಬರೆದವರಿಗಿಂತ ತಾನೇ ಚೆನ್ನಾಗಿ ಮುಗಿಸಿದೆ ಅನ್ನುವ ಖುಷಿಯಲ್ಲಿ ಅವನು ಮೀಸೆ ಸವರಿಕೊಳ್ಳುತ್ತಿದ್ದ.

ಅಲ್ಲಿಂದ ಮುಂದೆ ಅವನ ಕೈಗೆ ಸಿಕ್ಕ ಕಾದಂಬರಿಗಳ ಗತಿ ಕೇಳಬೇಡಿ. ಡಾಕ್ಟರಾಗಬೇಕೆಂದು ಹೊರಟ ಹುಡುಗಿ ಇವನ ಬಾಯಲ್ಲಿ ಮದುವೆಯಾಗಿ ಎರಡು ಹಡೆದಳು. ಘಟವಾಣಿ ಅತ್ತೆಯೊಬ್ಬಳು ಇವನ ಸ್ವಂತ ತಾಯಿಯ ಗುಣಗಳನ್ನೆಲ್ಲ ಹೊದ್ದುಕೊಂಡು ದೇವತೆಯಾದಳು. ನಾಯಕರೆಲ್ಲ ಊರು, ಜಾತಿ, ಕೆಲಸ ಬಿಟ್ಟು ಒಂದೇ ಕಸುಬಿಗೆ ಇಳಿದರು. "ಅಣ್ಣಾ, ಈ ಪುಸ್ತಕದಾಗಿನ ಗಂಡಸ್ರೆಲ್ಲಾ ಗೊಬ್ಬರದ ಅಂಗಡೀನ ಇಟ್ಟಾರಲ್ಲ, ಯಾಕ?" ಅಂತ ಲಾಲಬೀ ಒಮ್ಮೆ ಕೇಳಿಯೇ ಬಿಟ್ಟಳು. "ಕರ್ನಾಟಕದಾಗ ಒಕ್ಕಲುತನ ಜಾಸ್ತಿ ಅಲ್ಲೇನು" ಅಂತ ಮರಿಬಸಪ್ಪ ಗಂಭೀರವಾಗಿ ಅರ್ಥ ಹೇಳಿದ. ಕೊಟ್ರಬಸಮ್ಮನಿಗೆ ಕೆಮ್ಮು ಬಂತು.

ಆದರೆ ಸುಳ್ಳು ಹೇಳಲೂ ಸಿದ್ಧತೆ ಬೇಕಲ್ಲ! ಸಂಜೆ ಎಲ್ಲಿ ದಾರಿ ತಪ್ಪಿಸಬೇಕು ಅಂತ ಗೊತ್ತಾಗಬೇಕಾದರೆ ಮಧ್ಯಾಹ್ನವೇ ಪೂರ್ತಿ ಓದಿರಬೇಕು. ಹೀಗೆ ಪುಸ್ತಕಕ್ಕೆ ಮೋಸ ಮಾಡಲು ಹೊರಟವನು ದಿನಾ ಮಧ್ಯಾಹ್ನ ಹಿತ್ತಲಿನ ಬೇವಿನ ಗಿಡದ ಕೆಳಗೆ ಕೂತು ಅದನ್ನು ಅಕ್ಷರ ಬಿಡದೆ ಓದಿದ. ಓದಿದ್ದು ಸುಮ್ಮನೆ ಹೋಗುತ್ತದೆಯೇ? ತಲೆಯೊಳಗೆ ಮನೆ ಮಾಡಿತು. ಯೋಚನೆಗಳೆಲ್ಲ ಕಾದಂಬರಿಯ ಭಾಷೆಯಲ್ಲಿ ಬರತೊಡಗಿದವು. ಬೆಳಿಗ್ಗೆ ಹಲ್ಲುಜ್ಜುವಾಗ 'ಆತನ ಮನದಲ್ಲಿ ಹೇಳಲಾಗದ ತಳಮಳವೊಂದು ಹೊಯ್ದಾಡುತ್ತಿತ್ತು' ಅಂತ ಯಾರೋ ಒಳಗಿನಿಂದ ಓದಿದಂತಾಗುತ್ತಿತ್ತು. ಹಿಂದಿನ ದಿನ ತಿಂದ ಮಂಡಕ್ಕಿ ಒಗ್ಗರಣೆ, ಮಿರ್ಚಿಯ ತಳಮಳ ಅದು. ಆದರೂ ಹಾಗೆ ಕೇಳಿಸಿದರೆ ಅವನೇನು ಮಾಡಬೇಕು?

ಸಂತೆಯಲ್ಲಿ ಒಮ್ಮೆ ಕಾಯಿಪಲ್ಲೆ ಮಾರುವ ಎರ್ರಣ್ಣನ ಮುಂದೆ ಬದನೆಕಾಯಿ ಹಿಡಿದು, "ಎರ್ರಣ್ಣ, ಇದು ಮ್ಯಾಲೆ ನೋಡಾಕ ನಗತೈತಿ, ಒಳಗ ಯಾವ್ದೋ ನೋವು ಇಟ್ಕೊಂಡೈತಿ" ಅಂದುಬಿಟ್ಟ. ಎರ್ರಣ್ಣ ಗಾಬರಿಯಾಗಿ, "ಹುಳ ಇರಬೇಕು ಸ್ವಾಮಿ, ಇಡ್ರಿ ಇಡ್ರಿ, ಬ್ಯಾರೆ ಕೊಡ್ತೀನಿ" ಅಂದ. ಮರಿಬಸಪ್ಪ ಚೀಲ ಹಿಡಿದು ಬರುವಾಗ ತನಗೆ ತಾನೇ ಬೈದುಕೊಂಡ: ಥೂ ನಿನ್ನ, ಯೂರಿಯಾ ಮಾರಿದ ಬಾಯಿಗೆ ಇದೆಲ್ಲ ಬೇಕಿತ್ತೇನಲೇ?

ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಒಂದು ರಾತ್ರಿ ಉಂಡು ಕೈ ತೊಳೆಯುವಾಗ ಅಡುಗೆಮನೆಯಲ್ಲಿ ಒಬ್ಬಳೇ ತಾಟು ಮುಂದಿಟ್ಟುಕೊಂಡು ಕೂತ ಹೆಂಡತಿ ಕಣ್ಣಿಗೆ ಬಿದ್ದಳು. ಎಷ್ಟು ವರ್ಷದಿಂದ ಆಕೆ ಹಾಗೆ ಕೂರುತ್ತಿದ್ದಳೋ, ಅವತ್ತು ಮೊದಲ ಸಲ ಕಂಡಿತು. ನಳಿನಿಯ ಗಂಡ ನೆನಪಾದ. ಬಾಯಿ ತಾನಾಗಿಯೇ ಕೇಳಿತು, "ಉಂಡ್ಯಾ?"

ಕೊಟ್ರಬಸಮ್ಮನ ಕೈಯಲ್ಲಿದ್ದ ತುತ್ತು ತಾಟಿಗೆ ಬಿತ್ತು. "ಯಾಕ್ರೀ? ಮೈಯಾಗ ಆರಾಮಿಲ್ಲೇನು?" ಅಂತ ಎದ್ದು ಬಂದು ಹಣೆ ಮುಟ್ಟಿ ನೋಡಿದಳು. ಜ್ವರವೇನೂ ಇರಲಿಲ್ಲ. ನಾಚಿಕೆಯಿಂದ ಹಣೆ ಬಿಸಿಯಾಗಿದ್ದರೆ ಅದು ಬೇರೆ ಮಾತು.

ಸಂಜೆಯ ಕತೆಗಳೂ ಸದ್ದಿಲ್ಲದೆ ಮಗ್ಗುಲು ಬದಲಿಸಿದವು. ಮೊದಲು ಹೆಂಡಂದಿರು ವಾಪಸ್ ಬಂದು ಕಾಲಿಗೆ ಬೀಳುತ್ತಿದ್ದರು. ಈಗೀಗ ಗಂಡಂದಿರೇ ಹುಡುಕಿಕೊಂಡು ಹೋಗುತ್ತಿದ್ದರು, ಬಾಗಿಲಲ್ಲಿ ನಿಂತು ಮಾತು ಬಾರದೆ ತಡವರಿಸುತ್ತಿದ್ದರು. ಇದು ಯಾವಾಗ ಬದಲಾಯಿತು ಅಂತ ಬದಲಾಯಿಸಿದವನಿಗೇ ತಿಳಿಯಲಿಲ್ಲ.

ಕೊನೆಗೆ ಕೊಟ್ರಬಸಮ್ಮ ತರಿಸಿದ್ದು ವತ್ಸಲಾ ಅನ್ನುವ ಹೆಂಗಸಿನ ಕತೆ. ಇಡೀ ಸಂಸಾರವನ್ನು ಒಬ್ಬಳೇ ಎತ್ತಿ ನಿಲ್ಲಿಸಿ, ಎಲ್ಲ ಸರಿಹೋಯಿತು ಅನ್ನುವ ಹೊತ್ತಿಗೆ ಜಡ್ಡು ಬಿದ್ದು ಆಸ್ಪತ್ರೆಯಲ್ಲಿ ಸಾಯುತ್ತಾಳೆ. ಮರಿಬಸಪ್ಪ ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಅದನ್ನು ಓದಿ, ಎಮ್ಮೆಯ ಎದುರಿಗೆ ಗಳಗಳ ಅತ್ತ. ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಿ ನೋಡಿತು. ಸಂಜೆ ಆ ಪುಟಕ್ಕೆ ಬಂದಾಗ ಅವನು ಸಾಲಿನ ಮೇಲೆ ಬೆರಳಿಟ್ಟು ಓದು ನಿಲ್ಲಿಸಿದ. ಯಾರಿಗೂ ಬುದ್ಧಿ ಕಲಿಸುವ ಉಮೇದು ಈ ಸಲ ಇರಲಿಲ್ಲ. ಆಕೆ ಸಾಯುವುದು ಅವನಿಗೆ ಬೇಕಿರಲಿಲ್ಲ, ಅಷ್ಟೇ. "ವತ್ಸಲಾ ಕಣ್ಣು ತೆರೆದಳು" ಅಂದ. ಪುಟ ತಿರುಗಿಸಿ, "ಹಸಿವು ಅಂದಳು. ಮೊಸರನ್ನ ಕೊಡ್ರಿ ಅಂದಳು" ಅಂದ. ಮುಂದೇನು ಹೇಳಬೇಕೋ ತೋಚದೆ ಪುಸ್ತಕ ಮುಚ್ಚಿದ. ಕೊಟ್ರಬಸಮ್ಮ ಎದ್ದು ಒಳಗೆ ಹೋದಳು.

ಅದಾದ ಎರಡು ದಿನಕ್ಕೆ ಬಳ್ಳಾರಿಯಿಂದ ಮಗಳು ಅಂಜನಾಳ ಫೋನು ಬಂತು. ಆಕೆ ಅಲ್ಲಿನ ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ, ಸುತ್ತಿ ಬಳಸಿ ಮಾತಾಡುವವಳಲ್ಲ. "ಅಪ್ಪಾ, ಅವ್ವನ ಶುಗರ್ ಇಳದೈತಿ. ಮುಂದಿನ ವಾರ ಆಪರೇಷನ್. ಕರಕೊಂಡು ಬರ್ರಿ."

ಮರಿಬಸಪ್ಪ ಫೋನು ಕಿವಿಗೆ ಹಿಡಿದುಕೊಂಡೇ ಲೆಕ್ಕ ಹಾಕಿದ. ಕಣ್ಣು ಬಂದರೆ ಆಕೆ ಮೊದಲು ಮಾಡುವ ಕೆಲಸ ಏನು? ಆ ಪುಸ್ತಕಗಳನ್ನೆಲ್ಲ ತರಿಸಿ ತಾನೇ ಓದುವುದು. ನಳಿನಿ ಯಾವ ಬಸ್ಸೂ ಹತ್ತಿಲ್ಲ ಅಂತ ಗೊತ್ತಾಗುವುದು. ಇಷ್ಟು ದಿನ ಕಣ್ಣು ಕಾಣದವಳಿಗೆ ಸುಳ್ಳು ಓದಿದ ಗಂಡ ಅನ್ನಿಸಿಕೊಂಡರೆ ಮುಖ ಎಲ್ಲಿಡುವುದು? ಇದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು, ಅದನ್ನು ತನಗೆ ತಾನು ಹೇಳಿಕೊಳ್ಳಲೂ ಅವನಿಗೆ ಸಂಕೋಚ. ಸಂಜೆಗಳು ಹೋಗುತ್ತವೆ. ಆಕೆ ತನ್ನ ಪಾಡಿಗೆ ಓದಿಕೊಳ್ಳುತ್ತಾಳೆ, ತಾನು ಮತ್ತೆ ಪಡಸಾಲೆಯಲ್ಲಿ ಡ್ಯಾಮಿನ ನೀರಿನ ಮಟ್ಟ ನೋಡಿಕೊಂಡು ಕೂರಬೇಕು. ಈ ವಯಸ್ಸಿನಲ್ಲಿ, ಮದುವೆಯಾಗಿ ಮೊಮ್ಮಕ್ಕಳು ಕಂಡ ಮೇಲೆ, ಹೆಂಡತಿಯ ಜೊತೆ ಒಂದು ತಾಸು ಕೂರುವುದು ಅವನಿಗೆ ರುಚಿ ಹತ್ತಿಬಿಟ್ಟಿತ್ತು.

"ಮುಂದಿನ ವಾರ ಅಮಾಸಿ ಐತಿ" ಅಂದ. "ಅಮಾಸಿ ಆದ ಮೂರನೇ ದಿನಕ್ಕ ಐತಪ್ಪಾ" ಅಂದಳು ಮಗಳು. "ಬಳ್ಳಾರ್ಯಾಗ ಬಿಸಿಲು ಭಾಳ" ಅಂದ. "ಆಪರೇಷನ್ ಬಿಸಿಲಾಗ ಮಾಡಂಗಿಲ್ಲ" ಅಂದಳು. ಗಣಿತ ಓದಿದ ಮಕ್ಕಳ ಜೊತೆ ಮಾತಾಡುವುದೇ ಕಷ್ಟ.

ಮರುದಿನ ಅವನ ಕಾಲು ಮಿಠಾಯಿ ಅಂಗಡಿಯ ಮುಂದೆ ನಿಂತಿತು. ಬಿಸಿ ಜಿಲೇಬಿ ಕಟ್ಟಿಸಿಕೊಂಡ. ಹೆಂಡತಿಗೆ ಜಿಲೇಬಿ ಅಂದರೆ ಪ್ರಾಣ, ಎಷ್ಟೋ ದಿನವಾಯಿತು ತಿಂದು, ಪಾಪ ಅಂತ ಮನಸ್ಸಿಗೆ ಹೇಳಿಕೊಂಡ. ಜಿಲೇಬಿ ತಿಂದರೆ ಶುಗರ್ ಏರುತ್ತದೆ, ಏರಿದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ ಅನ್ನುವುದನ್ನು ಮನಸ್ಸಿಗೆ ಹೇಳಿಕೊಳ್ಳಲಿಲ್ಲ. ಆದರೆ ಪೊಟ್ಟಣ ಕೈಗೆ ಬಂದದ್ದೇ ತಡ, ತಲೆಯೊಳಗಿನವರು ಓದಲು ಶುರುಮಾಡಿದರು: 'ಆ ದುಷ್ಟನ ತುಟಿಗಳ ಮೇಲೆ ಕುಟಿಲ ನಗೆಯೊಂದು ಸುಳಿಯಿತು. ಅಮಾಯಕ ಪತ್ನಿಯ ಬಾಳಿಗೆ ಕತ್ತಲೆ ಕವಿಸಲು ಆತ ಹೊರಟಿದ್ದ.'

ಮರಿಬಸಪ್ಪ ರಸ್ತೆಯಲ್ಲೇ ನಿಂತುಬಿಟ್ಟ. ಅಯ್ಯೋ ಶಿವನೇ! ಓದಿದ ಎಲ್ಲ ಕಾದಂಬರಿಗಳಲ್ಲಿ ತಾನು ನಾಯಕ ಅಂದುಕೊಂಡು ಗೊಬ್ಬರದ ಅಂಗಡಿ ಹಾಕಿಸಿದ್ದ. ಈಗ ನೋಡಿದರೆ ತಾನು ಖಳನಾಯಕ, ಅದೂ ಕತ್ತಿ ವಿಷ ಏನೂ ಇಲ್ಲದ, ಜಿಲೇಬಿ ಹಿಡಿದ ಖಳನಾಯಕ. ಅಂಥ ಕೆಲಸಕ್ಕೂ ಯೋಗ್ಯತೆ ಸಾಲದವನು. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. ಪೊಟ್ಟಣ ಮನೆಗೆ ಒಯ್ಯುವಂತಿಲ್ಲ, ಎಸೆಯಲು ಮನಸ್ಸಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅಷ್ಟನ್ನೂ ತಾನೇ ತಿಂದ. ಅವನಿಗೂ ಶುಗರ್ ಇದ್ದಿದ್ದರೆ ಅವತ್ತೇ ನ್ಯಾಯ ಸಿಗುತ್ತಿತ್ತು.

ಆಪರೇಷನ್ ತಪ್ಪಿಸುವುದಿಲ್ಲ ಅಂತ ಅಲ್ಲೇ ನಿರ್ಧಾರವಾಯಿತು. ಆದರೆ ಸಾಕ್ಷಿಯನ್ನಾದರೂ ಮುಚ್ಚಬೇಕಲ್ಲ. ಮೊದಲಿನಿಂದ ಕೊನೆಯವರೆಗಿನ ಪುಸ್ತಕಗಳನ್ನೆಲ್ಲ ಬಡೇಸಾಬನಿಂದ ಮತ್ತೆ ಇಸಿದುಕೊಂಡು, ಚೀಲ ತುಂಬಿ, ಕುರುಗೋಡಿಗೆ ಹೋದ. ಗಾದಿಲಿಂಗಪ್ಪ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಾ ಕೂತಿದ್ದ. ಮರಿಬಸಪ್ಪ ನಡೆದದ್ದನ್ನೆಲ್ಲ ಹೇಳಿ, "ಕೆಲವು ದಿನ ನಿಮ್ಮನಿ ಅಟ್ಟದ ಮ್ಯಾಲೆ ಇರ್ಲಿ" ಅಂದ.

"ಇರ್ಲಿ ತಗೋ" ಅಂದ ಗಾದಿಲಿಂಗಪ್ಪ, ಮೇಲಿದ್ದ ಪುಸ್ತಕ ತೆಗೆದು ಸುಮ್ಮನೆ ಬಿಚ್ಚಿದ. ಪುರಾಣ ಓದಿದ ಕಣ್ಣು, ಅಕ್ಷರ ಕಂಡರೆ ನಿಲ್ಲುವುದಿಲ್ಲ. ಚಹಾ ಬಂತು, ಆರಿತು. ಮರಿಬಸಪ್ಪ ಗುಡಿಗೆ ಹೋಗಿ ಕೈಮುಗಿದು ಬಂದ. ಗಾದಿಲಿಂಗಪ್ಪ ಇನ್ನೂ ಓದುತ್ತಲೇ ಇದ್ದ. ಸಂಜೆಯ ಬಸ್ಸಿನ ಹೊತ್ತಿಗೆ ಕೊನೆಯ ಪುಟ ಮುಗಿಸಿ ತಲೆ ಎತ್ತಿದ.

"ಅಲ್ಲಲೇ ಮರಿಬಸಾ, ಈ ನಳಿನಿ ವಾಪಸ್ ಬರಂಗೇ ಇಲ್ಲಲ್ಲೋ!"

"ನಮ್ಮನ್ಯಾಗ ಬಂದಾಳ" ಅಂದ ಮರಿಬಸಪ್ಪ, ನೆಲ ನೋಡುತ್ತಾ.

ಗಾದಿಲಿಂಗಪ್ಪ ಎಷ್ಟು ನಕ್ಕನೆಂದರೆ ಬಾಯಿಯೊಳಗಿನ ಎಲೆಯ ರಸ ಅಂಗಿಯ ಮೇಲೆಲ್ಲ ಇಳಿಯಿತು.

ಬಳ್ಳಾರಿಯಲ್ಲಿ ಆಪರೇಷನ್ ಸುಸೂತ್ರವಾಯಿತು. ಮೊದಲು ಬಲಗಣ್ಣು, ಎಡಗಣ್ಣು ಆಮೇಲೆ. ಒಳಗೆ ಕರೆದೊಯ್ದು ಹೊರಗೆ ತರುವವರೆಗಿನ ಸ್ವಲ್ಪ ಹೊತ್ತಿನಲ್ಲಿ ಮರಿಬಸಪ್ಪ ವತ್ಸಲಾಳ ಆಸ್ಪತ್ರೆಯ ಪುಟಗಳನ್ನೆಲ್ಲ ಮನಸ್ಸಿನಲ್ಲೇ ಓದಿ ಮುಗಿಸಿದ್ದ.

ಮಾರನೇ ದಿನ ಪಟ್ಟಿ ತೆಗೆಸಿಕೊಂಡು ಅಂಜನಾಳ ಮನೆಗೆ ಬಂದರು. ಕೊಟ್ರಬಸಮ್ಮ ಕಪ್ಪು ಕನ್ನಡಕ ತೆಗೆದು ಮೊದಲು ಗಂಡನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. "ಮುದುಕ ಆಗೀರಿ" ಅಂದಳು. ಆಮೇಲೆ ಕೋಣೆಯ ಸುತ್ತ ಕಣ್ಣಾಡಿಸಿ, ಕಪಾಟಿನ ಮೇಲಿನ ಸಾಲಿನಲ್ಲಿ ನಿಲ್ಲಿಸಿ, "ನನ್ನ ನಳಿನಿ! ಇಲ್ಲೇ ಐತಲ್ಲ!" ಅಂತ ಸಣ್ಣ ಹುಡುಗಿಯಂತೆ ಕೂಗಿದಳು.

ಅಂಜನಾ ನಗುತ್ತಾ ಆ ಹಸಿರು ರಟ್ಟಿನ ಪುಸ್ತಕ ತೆಗೆದು ಕೊಟ್ಟಳು. "ಅಪ್ಪಾ, ನನ್ನ ಮದುವಿ ಟ್ರಂಕಿನಾಗ ಸೀರಿ ಕೆಳಗ ಇದನ್ನ ಇಟ್ಟು ಕಳಿಸಿದ್ಲು ಅವ್ವ. ಎಷ್ಟು ಸಲ ಓದ್ಯಾಳೋ, ಕಣ್ಣು ಮುಚ್ಚಿ ಹೇಳ್ತಾಳ" ಅಂದು ಕಾಲೇಜಿಗೆ ಹೊತ್ತಾಯಿತೆಂದು ಹೊರಟುಹೋದಳು.

ಮರಿಬಸಪ್ಪನಿಗೆ ಕೂತಲ್ಲೇ ಬೆವರಿತು. ಆ ಬೆವರಿನ ಕಾರಣಕ್ಕೆ ಬಳ್ಳಾರಿಯ ಬಿಸಿಲನ್ನು ಬೈಯುವಂತಿರಲಿಲ್ಲ.

"ಹಂಗಾದ್ರ ನಿನಗ..."

"ಗೊತ್ತಿತ್ತು. ಆಕಿ ರೈಲಿಗೆ ಹೋದ್ಲು. ಬಸ್ಸಿಗೆ ವಾಪಸ್ ಬಂದವ್ಳು ನಿಮ್ಮ ನಳಿನಿ." ಕೊಟ್ರಬಸಮ್ಮ ಪುಸ್ತಕವನ್ನು ತೊಡೆಯ ಮೇಲಿಟ್ಟು ಸವರಿದಳು. "ನಾನು ತರಿಸಿದ್ದು ಎಲ್ಲಾ ಓದಿದ್ದ ಪುಸ್ತಕಾನ. ಓದದಿದ್ದದ್ದು ಒಂದೂ ತರಿಸ್ಲಿಲ್ಲ."

"ಯಾಕ?"

"ಇದ್ದದ್ದು ಏನಂತ ಗೊತ್ತಿದ್ರ ತಾನ, ನೀವು ತಿದ್ದಿದ್ದು ಯಾವ್ದು ಅಂತ ತಿಳಿಯೋದು? ಮದುವ್ಯಾಗಿ ಇಷ್ಟು ವರ್ಷಾತು. ನಿಮ್ಮ ತಲ್ಯಾಗ ಏನೈತಿ ಅಂತ ಕುರುಗೋಡಿನ ಮಂದಿಗೆಲ್ಲಾ ಹೇಳಿದ್ರಿ, ನನಗೊಬ್ಬಾಕಿಗೆ ಹೇಳ್ಲಿಲ್ಲ. ಪುಸ್ತಕ ಕೈಯಾಗ ಕೊಟ್ಟ ಮ್ಯಾಲೆ ದಿನಾ ಸಂಜೀಗೆ ಒಂದೊಂದ ಹೇಳಿದ್ರಿ. ಮೊದಲಿಗೆ ಸಿಟ್ಟು ಬಂತು. ನಳಿನಿನ್ನ ಕಾಲಿಗೆ ಬೀಳಿಸಿದ್ರಲ್ಲ, ಅವತ್ತು ರೊಟ್ಟಿ ಬಡಿಯೋ ಮುಂದ ಎಷ್ಟು ಬೈದೆ ಅಂತ ಲಾಲಬೀಗೆ ಗೊತ್ತು."

"ಲಾಲಬೀಗೂ ಗೊತ್ತಾ?"

"ಖರೇ ಕತಿ ಆಕಿಗೆ ಮರುದಿನ ಹಿತ್ತಲದಾಗ ನಾನ ಹೇಳ್ತಿದ್ದೆ. ನಿಮ್ಮ ಕತಿಗೆ ಅಳ್ತಿದ್ಲು, ನನ್ನ ಕತಿ ಕೇಳಿ ನಿಮ್ಮನ್ನ ನೆನಸಿ ನಗ್ತಿದ್ಲು" ಅಂದು ಕೊಟ್ರಬಸಮ್ಮ ತಾನೂ ನಕ್ಕಳು.

ನೆಲ ಬಾಯಿ ಬಿಟ್ಟರೆ ಮರಿಬಸಪ್ಪ ನಳಿನಿಯಂತೆ ಟ್ರಂಕು ಸಮೇತ ಇಳಿಯುವವನಿದ್ದ. ಲೈಬ್ರರಿಯ ಪುಸ್ತಕಗಳನ್ನು ಹೊತ್ತುಕೊಂಡು ಕುರುಗೋಡಿಗೆ ಹೋದದ್ದು ನೆನಪಾಯಿತು. ಜಿಲೇಬಿ ನೆನಪಾಯಿತು. ಕರ್ನಾಟಕದಲ್ಲಿ ಒಕ್ಕಲುತನ ಜಾಸ್ತಿ ಅಂದದ್ದು ನೆನಪಾಗಿ ಕಿವಿ ಸುಟ್ಟಿತು. ಪಂಡಿತನಂತೆ, ಪಂಡಿತ! ಇಬ್ಬರು ಹೆಂಗಸರು ಹಿತ್ತಲಲ್ಲಿ ಕೂತು ಇವನ ಅರ್ಥಕ್ಕೆ ಅರ್ಥ ಹೇಳಿಕೊಂಡಿದ್ದಾರೆ.

ಕೊಟ್ರಬಸಮ್ಮ ನಗುವುದನ್ನು ನಿಲ್ಲಿಸಿದ್ದಳು. "ವತ್ಸಲಾ ಸಾಯ್ತಾಳ್ರೀ ಆ ಪುಸ್ತಕದಾಗ" ಅಂದಳು. "ನಾನು ಎಷ್ಟು ಸಲ ಓದಿದ್ರೂ ಸಾಯ್ತಾಳ. ನೀವು ಸಾಯಗೊಡ್ಲಿಲ್ಲ. ಮೊಸರನ್ನ ಕೇಳಿಸಿದ್ರಿ. ಅವತ್ತು ಒಳಗ ಹೋಗಿ ಅತ್ತೆ. ನಿಮ್ಮ ಮಾರಿ ಒಮ್ಮಿ ನೋಡಬೇಕು ಅನಿಸ್ತು. ಅಂಜನಾಗ ಫೋನ್ ಮಾಡಿ ಆಪರೇಷನ್ನಿಗೆ ದಿನ ಗೊತ್ತು ಮಾಡಂದವ್ಳು ನಾನ."

ಮರಿಬಸಪ್ಪನ ತಲೆಯೊಳಗಿನವರು ಈ ಸಲ ಏನೂ ಓದಲಿಲ್ಲ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

"ಇನ್ನು ನೀನ ಓದ್ಕೊಬಹುದು" ಅಂದ ಕೊನೆಗೆ. ದನಿ ಸಣ್ಣಗಿತ್ತು.

"ಎಲ್ಲಿ? ರಟ್ಟು ಕಾಣ್ತೈತಿ, ಅಕ್ಷರ ಕಾಣಂಗಿಲ್ಲ. ಓದೋ ಕನ್ನಡಕಕ್ಕ ಇನ್ನೂ ತಡ ಐತಂತ. ಎಡಗಣ್ಣು ಬ್ಯಾರೆ ಉಳದೈತಿ." ಪುಸ್ತಕವನ್ನು ಅವನ ಕೈಗಿಟ್ಟಳು. "ಓದ್ರಿ. ಈ ಸಲ ಇದ್ದದ್ದು ಇದ್ದಂಗ ಓದ್ರಿ."

ಅವನು ಓದಿದ. ಅವತ್ತು, ಮರುದಿನ, ಅದರ ಮರುದಿನ, ಮಗಳ ಮನೆಯ ಆ ಕೋಣೆಯಲ್ಲಿ, ಬಸ್‌ಸ್ಟ್ಯಾಂಡಿನ ದನಿ ಬಿಟ್ಟು, ಮೆಲ್ಲಗೆ ಓದಿದ. ಗಂಡ ಲೆಕ್ಚರರ್ ಆಗಿಯೇ ಉಳಿದ. ಊಟ ಮಾಡಿದೆಯಾ ಅಂತ ಕೇಳಲಿಲ್ಲ. ನಳಿನಿ ಟ್ರಂಕು ತುಂಬಿದಳು, ರೈಲು ಹತ್ತಿದಳು. ಮರಿಬಸಪ್ಪನ ಬಾಯಿ ಬಸ್ಸಿನ ಕಡೆಗೆ ಎಳೆಯಿತು, ಅವನು ಬಿಡಲಿಲ್ಲ. ಆಕೆ ಹೋದಳು. ಬರಲಿಲ್ಲ.

ಕೊನೆಯ ಸಾಲು ಮುಗಿಯಿತು. ಕೊಟ್ರಬಸಮ್ಮ ಗೋಡೆಗೆ ಒರಗಿ, ಒಂದು ಹೊಸ ಕಣ್ಣಿನಿಂದ ಅವನನ್ನೇ ನೋಡುತ್ತಿದ್ದಳು. ಪದ್ಯ ಮುಗಿದ ಮೇಲೆ ಅರ್ಥ ಹೇಳುವುದು ಅವನ ಜೀವಮಾನದ ಚಟ. ಗಂಟಲು ಸರಿಮಾಡಿಕೊಂಡ, ಶಲ್ಯ ಇಲ್ಲದ ಹೆಗಲ ಮೇಲೆ ಶಲ್ಯ ಸರಿಪಡಿಸಿಕೊಂಡ, ಬಾಯಿ ತೆರೆದ. ಎದುರಿಗಿದ್ದ ಮುಖ ನೋಡಿದ. ತೆರೆದ ಬಾಯಿ ಮುಚ್ಚಿದ.

"ಕೊಟ್ರಬಸಮ್ಮಾ" ಅಂದ. ಹೆಸರು ಹಿಡಿದು ಕರೆದದ್ದು ಅವನಿಗೇ ಹೊಸದಾಗಿ ಕೇಳಿಸಿತು. "ಇದರ ಅರ್ಥ ನೀನ ಹೇಳು."

ಆಕೆ ಕಾಲು ಚಾಚಿ ಸರಿಯಾಗಿ ಕೂತಳು.

"ಹೇಳ್ತೀನಿ. ಉದ್ದ ಐತಿ. ನೀರು ಕುಡಕೊಂಡು ಬಂದು ಕೂಡ್ರಿ."